ದೇಹಭಾರವೂ ಸಂಕಲ್ಪವೂ

ನಮ್ಮ ಹಿರಿಯರು ವೈರಾಗ್ಯವನ್ನು ಕುರಿತು ವಿನೋದವಾಗಿ ಮಾತನಾಡುವಾಗ ಅದರಲ್ಲಿ ಮೂರು ಬಗೆಗಳನ್ನು ಎಣಿಸುವುದುಂಟು: ಸ್ಮಶಾನವೈರಾಗ್ಯ, ಪುರಾಣವೈರಾಗ್ಯ, ಪ್ರಸೂತಿವೈರಾಗ್ಯ. ಸ್ಮಶಾನದಿಂದ ಬಂದು ಸ್ನಾನ ಮುಗಿಸುವವರೆಗೆ ಮೊದಲನೆಯದು; ಪುರಾಣ ಕೇಳಿ ಎದ್ದು ಪಾದರಕ್ಷೆಗಳನ್ನು ಹುಡುಕುವವರೆಗೆ ಎರಡನೆಯದು; ನೋವು ಮರೆಯುವವರೆಗೆ ಮೂರನೆಯದು. ಈ ಕಾಲದಲ್ಲಿ ನಾಲ್ಕನೆಯದೊಂದನ್ನು ಸೇರಿಸಬೇಕೆಂದು ನಮಗೆ ತೋರುತ್ತದೆ. ಅದಕ್ಕೆ ತಕ್ಕಡಿವೈರಾಗ್ಯವೆಂದು ಹೆಸರಿಡಬಹುದು. ವೈದ್ಯರ ಕೊಠಡಿಯಲ್ಲಿ ತೂಕದ ಯಂತ್ರವನ್ನು ಏರಿ, ಅದು ತೋರಿಸಿದ ಅಂಕಿಯನ್ನು ಕಂಡು ಬೆಚ್ಚಿ, “ನಾಳೆಯಿಂದ ಸಿಹಿ ಮುಟ್ಟುವುದಿಲ್ಲ, ಅನ್ನ ಉಣ್ಣುವುದಿಲ್ಲ, ನಿತ್ಯ ಎರಡು ಗಂಟೆ ನಡೆಯುತ್ತೇನೆ” ಎಂದು ಗೃಹಸ್ಥನು ಮಾಡುವ ಪ್ರತಿಜ್ಞೆಯೇ ಅದು. ಅದರ ಆಯುಸ್ಸು ಸಾಮಾನ್ಯವಾಗಿ ಮುಂದಿನ ಹಬ್ಬದ ಹೋಳಿಗೆಯವರೆಗೆ.

ಹಾಗಾದರೆ ಉಳಿಯತಕ್ಕ ಸಂಕಲ್ಪವನ್ನು ಮಾಡುವ ಬಗೆ ಯಾವುದು? ಮೈಯ ಭಾರವನ್ನು ಇಳಿಸಬೇಕೆಂಬ ಇಚ್ಛೆ ಅನೇಕರಲ್ಲಿ ಇದೆ. ಪ್ರಯತ್ನವನ್ನು ಮಾಡಿ ಸೋತವರೂ ಅನೇಕರಿದ್ದಾರೆ. ಸೋಲಿಗೆ ಕಾರಣ ಮನೋಬಲದ ಅಭಾವವೆಂದು ಅವರು ತಮ್ಮನ್ನೇ ನಿಂದಿಸಿಕೊಳ್ಳುತ್ತಾರೆ. ಅಭಾವವಿರುವುದು ಬಲದಲ್ಲಿ ಅಲ್ಲ, ಕ್ರಮದಲ್ಲಿ ಎಂಬುದೇ ನಮ್ಮ ಈ ಲೇಖನದ ತಾತ್ಪರ್ಯ.

ಮೊದಲು ವಿಷಯದ ಗೌರವವನ್ನು ತಿಳಿಯೋಣ. ಸ್ಥೌಲ್ಯವೆಂಬುದು ಅಂದಚಂದದ ಪ್ರಶ್ನೆಯಲ್ಲ. ದಪ್ಪಗಿರುವವರನ್ನು ಕಂಡು ನಗುವುದು ಶಿಷ್ಟರ ಲಕ್ಷಣವೂ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯದಲ್ಲಿ ಅತಿಸ್ಥೂಲನಿಗೆ ಎಂಟು ದೋಷಗಳನ್ನು ಹೇಳಿದೆ. ಆಯುಸ್ಸಿನ ಹ್ರಾಸ, ಚಲನೆಯ ಮಾಂದ್ಯ, ದೌರ್ಬಲ್ಯ, ಅತಿಯಾದ ಬೆವರು, ಮಿತಿಮೀರಿದ ಹಸಿವು ಬಾಯಾರಿಕೆಗಳು ಅವುಗಳಲ್ಲಿ ಸೇರಿವೆ. ಎಂಟರಲ್ಲಿ ಆಯುಸ್ಸಿನ ಹ್ರಾಸವನ್ನು ಮೊದಲು ಹೇಳಿರುವುದನ್ನು ವಾಚಕರು ಗಮನಿಸಬೇಕು. ಈ ಕಾಲದ ವೈದ್ಯರೂ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ: ಮಧುಮೇಹ, ರಕ್ತದ ಒತ್ತಡ, ಹೃದ್ರೋಗ, ಮಂಡಿಯ ನೋವು, ಯಕೃತ್ತಿನಲ್ಲಿ ಕೊಬ್ಬು ಸೇರುವುದು ಇವೆಲ್ಲಕ್ಕೂ ಹೆಚ್ಚಿದ ಮೇದಸ್ಸು ಸಹಾಯಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳನ್ನೂ ಒಳಗೊಂಡು ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ ೧೧ಕ್ಕಿಂತ ಹೆಚ್ಚು ಮಂದಿಗೆ ಮಧುಮೇಹವೂ, ಮತ್ತೆ ೧೫ ಮಂದಿಗೆ ಅದರ ಪೂರ್ವಾವಸ್ಥೆಯೂ, ಸುಮಾರು ೩೯ ಮಂದಿಗೆ ಹೊಟ್ಟೆಯ ಸುತ್ತಲಿನ ಸ್ಥೌಲ್ಯವೂ ಕಂಡುಬಂದುವು. ಇವು ಎಲ್ಲಿಯೋ ದೂರದ ಅಂಕಿಗಳಲ್ಲ. ಒಂದು ಬೀದಿಯಲ್ಲಿ ಹತ್ತು ಮನೆಗಳ ಬಾಗಿಲನ್ನು ತಟ್ಟಿದರೆ ಇವುಗಳ ಅರ್ಥ ತಿಳಿಯುತ್ತದೆ.

ತಮಗೆ ಭಾರ ಹೆಚ್ಚಾಗಿದೆಯೇ ಇಲ್ಲವೇ ಎಂಬುದನ್ನು ಮನೆಯಲ್ಲಿಯೇ ಅರಿಯಬಹುದು. ಬೆಲ್ಜಿಯಂ ದೇಶದ ಗಣಿತಜ್ಞ ಕ್ವೆಟ್ಲೆ ಎಂಬಾತನು ೧೮೩೨ರಲ್ಲಿ ತೋರಿಸಿದ ಸಂಬಂಧದಂತೆ, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಬೇಕು. ತೂಕ ಕಿಲೋಗ್ರಾಂಗಳಲ್ಲಿ, ಎತ್ತರ ಮೀಟರುಗಳಲ್ಲಿ. ಭಾರತೀಯರಿಗೆ ಬಂದ ಲಬ್ಧ ೨೩ನ್ನು ದಾಟಿದರೆ ಭಾರ ಅಧಿಕವೆಂದೂ, ೨೫ನ್ನು ದಾಟಿದರೆ ಸ್ಥೌಲ್ಯವೆಂದೂ ೨೦೦೯ರಲ್ಲಿ ನಮ್ಮ ದೇಶದ ತಜ್ಞರು ನಿರ್ಣಯಿಸಿದ್ದಾರೆ. ಇದರಂತೆ ೧೬೫ ಸೆಂಟಿಮೀಟರ್ ಎತ್ತರದವರಿಗೆ ೬೩ ಕಿಲೋ ಮೊದಲನೆಯ ಗಡಿ, ೬೮ ಕಿಲೋ ಎರಡನೆಯದು. ಲೆಕ್ಕ ಬೇಡವೆನ್ನುವವರು ದರ್ಜಿಯ ಟೇಪನ್ನು ತೆಗೆದುಕೊಂಡು ಸೊಂಟದ ಸುತ್ತಳತೆಯನ್ನು ನೋಡಲಿ: ಗಂಡಸರಿಗೆ ೯೦ ಸೆಂಟಿಮೀಟರ್, ಹೆಂಗಸರಿಗೆ ೮೦ ಸೆಂಟಿಮೀಟರ್ ಮಿತಿ. ಅಳೆಯುವಾಗ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಕಾರಣವಿಚಾರ. ಗುರುವೂ ಮಧುರವೂ ಸ್ನಿಗ್ಧವೂ ಆದ ಆಹಾರವನ್ನು ಅತಿಯಾಗಿ ಉಣ್ಣುವುದು, ವ್ಯಾಯಾಮವನ್ನು ಬಿಡುವುದು, ಹಗಲುನಿದ್ರೆ ಮುಂತಾದುವನ್ನು ಚರಕನು ಹೇಳಿ, ಕೊನೆಯಲ್ಲಿ ಬೀಜಸ್ವಭಾವವನ್ನೂ ಸೇರಿಸಿದ್ದಾನೆ. ತಂದೆತಾಯಿಗಳಿಂದ ಬಂದ ಮೈಯ ಗುಣವೂ ಒಂದು ಕಾರಣವೆಂದು ಇದರಿಂದ ಸ್ಪಷ್ಟವಾಗುತ್ತದೆ. ಬೀಜವನ್ನು ಬದಲಿಸಲಾಗದು, ಆದರೆ ಹೊಲದ ಬೇಸಾಯ ನಮ್ಮ ಕೈಯಲ್ಲಿದೆ. ಕುಳಿತು ಕೆಲಸ ಮಾಡುವವರ ವಿಷಯದಲ್ಲಿ ೧೯೫೬ರಲ್ಲಿ ಪ್ರಕಟವಾದ ಒಂದು ಶೋಧನೆ ಬಹಳ ಬೋಧಪ್ರದವಾದುದು. ಜೀನ್ ಮೇಯರ್ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ಕೆಲಸಗಾರರ ಊಟವನ್ನೂ ತೂಕವನ್ನೂ ಪರೀಕ್ಷಿಸಿದರು. ಮೈಮುರಿದು ದುಡಿಯುವವರು ದುಡಿಮೆಗೆ ತಕ್ಕಂತೆ ಉಂಡು ಹದವಾದ ಮೈಯುಳ್ಳವರಾಗಿದ್ದರು. ದಿನವೆಲ್ಲ ಕುಳಿತಿರುವವರು ಕಡಿಮೆ ಉಣ್ಣುತ್ತಿದ್ದರೆ? ಇಲ್ಲ, ಅವರೂ ಭಾರವಾದ ಕೆಲಸ ಮಾಡುವವರಷ್ಟೇ ಉಣ್ಣುತ್ತಿದ್ದರು, ತೂಕದಲ್ಲಿ ಮಾತ್ರ ಮೇಲಾಗಿದ್ದರು. ಕುಳಿತ ಮೈಗೆ ಹಸಿವೆಯ ಮಾತಿನಲ್ಲಿ ಸತ್ಯ ಉಳಿಯುವುದಿಲ್ಲ ಎಂಬುದು ಇದರ ಸಾರ. ಇಂದು ನಮ್ಮಲ್ಲಿ ಎಷ್ಟು ಮಂದಿ ಕುರ್ಚಿಯಿಂದ ವಾಹನಕ್ಕೆ, ವಾಹನದಿಂದ ಕುರ್ಚಿಗೆ ಸಾಗುತ್ತಾ, ತಿಂಡಿಯನ್ನು ಕೂಡ ಮೊಬೈಲಿನಿಂದಲೇ ಬಾಗಿಲಿಗೆ ತರಿಸಿಕೊಳ್ಳುತ್ತಿಲ್ಲ!

ಪ್ರಕೃತ ಸಂಕಲ್ಪಕ್ಕೆ ಬರೋಣ. ಪೂಜಾದಿಗಳಲ್ಲಿ ಸಂಕಲ್ಪವನ್ನು ಮಾಡಿಸುವ ಕ್ರಮವನ್ನು ಎಲ್ಲರೂ ಕೇಳಿರುತ್ತಾರೆ. ಪುರೋಹಿತರು ದೇಶವನ್ನು ಹೇಳುತ್ತಾರೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳುತ್ತಾರೆ. ಅನಂತರ ಯಾರು, ಏತಕ್ಕಾಗಿ, ಯಾವ ಕರ್ಮವನ್ನು ಮಾಡುತ್ತಾರೆಂಬುದನ್ನು ಹೇಳಿಸುತ್ತಾರೆ. ದೇಶಕಾಲಕರ್ಮಗಳಿಲ್ಲದ ಸಂಕಲ್ಪ ಸಂಕಲ್ಪವೇ ಅಲ್ಲ. “ಇನ್ನು ಮೇಲೆ ವ್ಯಾಯಾಮ ಮಾಡುತ್ತೇನೆ” ಎಂಬುದು ಬರಿಯ ಇಚ್ಛೆ. “ಸೋಮವಾರದಿಂದ ಶನಿವಾರದವರೆಗೆ, ಬೆಳಗ್ಗೆ ಕಾಫಿಯಾದ ಕೂಡಲೆ, ೬ ಗಂಟೆಗೆ, ಕೆರೆಯ ಏರಿಯ ಮೇಲೆ ೨೫ ನಿಮಿಷ ನಡೆಯುತ್ತೇನೆ, ಮಳೆ ಬಂದರೆ ಮನೆಯ ಮಹಡಿಯ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತೇನೆ” ಎಂಬುದು ಸಂಕಲ್ಪ. ಹೀಗೆ ಎಲ್ಲಿ, ಯಾವಾಗ, ಏನು ಎಂಬ ಮೂರನ್ನೂ ಮುಂಚೆಯೇ ನಿಶ್ಚಯಿಸಿದವರು ಬರಿದೆ ಇಚ್ಛಿಸಿದವರಿಗಿಂತ ಹೆಚ್ಚಾಗಿ ಕಾರ್ಯವನ್ನು ಸಾಧಿಸುತ್ತಾರೆಂದು ಈಚಿನ ಮನಶ್ಶಾಸ್ತ್ರಜ್ಞರೂ ಪರೀಕ್ಷಿಸಿ ತೋರಿಸಿದ್ದಾರೆ. ಕಾರಣ ಸುಲಭವಾದುದು. ಬೆಳಗಿನ ಹಾಸಿಗೆಯಲ್ಲಿ “ಇಂದು ಹೋಗಲೋ ಬೇಡವೋ” ಎಂಬ ವಿಚಾರಸಭೆ ಸೇರಿದರೆ ಗೆಲ್ಲುವುದು ಹಾಸಿಗೆಯೇ. ಆದುದರಿಂದ ಆ ಸಭೆಯೇ ಸೇರದಂತೆ ಹಿಂದಿನ ರಾತ್ರಿಯೇ ಪಾದರಕ್ಷೆಗಳನ್ನು ಬಾಗಿಲ ಬಳಿ ಇಟ್ಟಿರುವುದು ಜಾಣತನ.

ಎರಡನೆಯ ನಿಯಮ ಪಾದಕ್ರಮ. ಚರಕನೇ ಸೂತ್ರಸ್ಥಾನದ ೭ನೆಯ ಅಧ್ಯಾಯದಲ್ಲಿ ಇದನ್ನು ವಿಧಿಸಿದ್ದಾನೆ. ರೂಢಿಯಾಗಿರುವ ಅಹಿತವನ್ನು ಒಮ್ಮೆಗೇ ಬಿಡಬಾರದು. ನಾಲ್ಕನೆಯ ಒಂದು ಪಾಲನ್ನು ಬಿಟ್ಟು, ಆ ಸ್ಥಾನದಲ್ಲಿ ಹಿತವಾದುದರ ಒಂದು ಪಾಲನ್ನು ತರಬೇಕು. ನಡುವೆ ಅಂತರವನ್ನು ಕೊಡುತ್ತಾ ಕ್ರಮವಾಗಿ ಮುಂದುವರಿಯಬೇಕು. ಹೀಗೆ ಮೆಲ್ಲನೆ ಹೋದ ದೋಷಗಳು ಮರಳಿ ಬರುವುದಿಲ್ಲವೆಂದೂ, ಮೆಲ್ಲನೆ ಬಂದ ಗುಣಗಳು ಅಲುಗಾಡುವುದಿಲ್ಲವೆಂದೂ ಅವನ ಅಭಿಪ್ರಾಯ. ಸ್ಥೌಲ್ಯವನ್ನು ಕಳೆಯಲು ವ್ಯಾಯಾಮಾದಿಗಳನ್ನು ಹೆಚ್ಚಿಸಬೇಕೆಂದು ಹೇಳುವಾಗಲೂ ‘ಕ್ರಮೇಣ’ ಎಂಬ ಪದವನ್ನು ಅವನು ಮರೆತಿಲ್ಲ.

ಇದಕ್ಕೆ ನಾವು ಪ್ರತ್ಯಕ್ಷವಾಗಿ ಕಂಡ ಒಂದು ನಿದರ್ಶನವನ್ನು ಕೊಡುತ್ತೇವೆ. ನಮ್ಮ ಹಳೆಯ ಶಿಷ್ಯರೊಬ್ಬರು, ಲೆಕ್ಕಪತ್ರದ ಉದ್ಯೋಗದವರು, ಐವತ್ತರ ಸಮೀಪದವರು. ತೂಕ ೮೬ ಕಿಲೋ. ಅವರ ತಂದೆಯವರು ಮಧುಮೇಹದಿಂದ ಕಡೆಯ ಕಾಲದಲ್ಲಿ ದೃಷ್ಟಿಯನ್ನು ಕಳೆದುಕೊಂಡಿದ್ದರು. ರಕ್ತಪರೀಕ್ಷೆಯಲ್ಲಿ ಮಗನಿಗೂ ಅದೇ ದಾರಿ ಕಾಣತೊಡಗಿತ್ತು. ಭಯಗೊಂಡ ಅವರು ಯುಗಾದಿಯ ದಿನ ಅನ್ನವನ್ನೂ ಸಿಹಿಯನ್ನೂ ಸಂಪೂರ್ಣವಾಗಿ ಬಿಟ್ಟರು; ಶ್ರೀರಾಮನವಮಿಯ ಪಾನಕದೊಡನೆ ವ್ರತವೂ ಕರಗಿಹೋಯಿತು. “ಮೇಷ್ಟ್ರೇ, ನನ್ನಲ್ಲಿ ಮನೋಬಲವೇ ಇಲ್ಲ” ಎಂದು ಬಂದು ಕುಳಿತರು. “ಅಪ್ಪಾ, ಬಲವಿಲ್ಲದವನು ಒಂಬತ್ತು ದಿನ ಅನ್ನ ಬಿಟ್ಟಿರಬಲ್ಲನೆ? ನಿನ್ನಲ್ಲಿ ಇಲ್ಲದಿರುವುದು ಕ್ರಮ. ಲೆಕ್ಕದವನಲ್ಲವೆ, ಮೊದಲು ನಿನ್ನ ಕಾಫಿಯ ಲೆಕ್ಕವನ್ನು ಬರೆ” ಎಂದೆವು.

ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ ೫ ಗ್ರಾಂ. ದಿನಕ್ಕೆ ೪೦ ಗ್ರಾಂ ಆಯಿತು. ವರ್ಷಕ್ಕೆ ೧೪ ಕಿಲೋಗೂ ಮಿಗಿಲು! ಸಕ್ಕರೆ ದಿನಕ್ಕೆ ಸುಮಾರು ೨೫ ಗ್ರಾಮನ್ನು ಮೀರದಿರುವುದು ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆಯ ೨೦೧೫ರ ಸೂಚನೆಯಿಂದ ಏರ್ಪಡುತ್ತದೆ. ಒಂದು ಕಾಫಿಯಲ್ಲಿಯೇ ಅದು ಮೀರಿತ್ತು. ಅವರು ಹದಿನೈದು ದಿನ ಲೋಟಕ್ಕೆ ಒಂದೂವರೆ ಚಮಚ, ಮುಂದಿನ ಹದಿನೈದು ದಿನ ಒಂದು, ಅನಂತರ ಅರ್ಧ, ಹೀಗೆ ಇಳಿದರು. ಎರಡು ತಿಂಗಳಲ್ಲಿ ಹಳೆಯ ಕಾಫಿಯನ್ನು ಕೊಟ್ಟರೆ “ಇದೇನು ಪಾಯಸವೇ?” ಎಂದು ಕೇಳುವಂತಾಯಿತು. ಅನ್ನದಲ್ಲಿಯೂ ಅದೇ ಕ್ರಮ: ನಾಲ್ಕು ಸೌಟಿನಲ್ಲಿ ಒಂದು ಸೌಟು ಇಳಿಯಿತು, ಆ ಜಾಗಕ್ಕೆ ಹುರುಳಿಕಾಯಿಯ ಪಲ್ಯವೋ ಹೆಸರುಬೇಳೆಯ ಕೋಸಂಬರಿಯೋ ಬಂದಿತು. ನಡಿಗೆ ಹತ್ತು ನಿಮಿಷದಿಂದ ಆರಂಭವಾಗಿ ವಾರವಾರಕ್ಕೆ ಬೆಳೆಯಿತು. ವರ್ಷದ ಕೊನೆಗೆ ತೂಕ ೭೯ ಕಿಲೋ. ರಕ್ತಪರೀಕ್ಷೆಯನ್ನು ನೋಡಿದ ವೈದ್ಯರು ಔಷಧಿ ಸದ್ಯಕ್ಕೆ ಬೇಡವೆಂದರು.

ಏಳು ಕಿಲೋ ಅಷ್ಟೇ ಏನು ಎಂದು ಮೂಗು ಮುರಿಯುವವರಿಗೆ ಒಂದು ಮಾತು. ೨೦೦೨ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದವರಿಗೆ ಇಟ್ಟ ಗುರಿ ತೂಕದಲ್ಲಿ ನೂರಕ್ಕೆ ೭ ಪಾಲನ್ನು ಇಳಿಸುವುದು, ವಾರಕ್ಕೆ ೧೫೦ ನಿಮಿಷ ನಡೆಯುವುದು, ಇಷ್ಟೇ. ಆ ಗುಂಪಿನಲ್ಲಿ ಮಧುಮೇಹಕ್ಕೆ ಬೀಳುವವರ ಪ್ರಮಾಣ ಶೇಕಡಾ ೫೮ರಷ್ಟು ಕಡಿಮೆಯಾಯಿತು. ಮಾತ್ರೆಯನ್ನು ಸೇವಿಸಿದವರಲ್ಲಿ ಕಡಿಮೆಯಾದುದು ಶೇಕಡಾ ೩೧. ಚೆನ್ನೈನ ವೈದ್ಯರು ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಭಾರತೀಯ ಪ್ರಯೋಗದಲ್ಲಿಯೂ ಆಹಾರವ್ಯಾಯಾಮಗಳ ಕ್ರಮದಿಂದ ಶೇಕಡಾ ೨೮ಕ್ಕಿಂತ ಹೆಚ್ಚು ಇಳಿತ ಕಂಡಿತು. ೮೦ ಕಿಲೋ ತೂಗುವವರಿಗೆ ನೂರಕ್ಕೆ ೭ ಎಂದರೆ ಐದೂವರೆ ಕಿಲೋ. ಇಪ್ಪತ್ತರ ಪ್ರಾಯದ ಮೈಯನ್ನು ಮರಳಿ ಪಡೆಯಬೇಕಾಗಿಲ್ಲ. ಐದಾರು ಕಿಲೋವನ್ನು ಇಳಿಸಿ, ಇಳಿದುದನ್ನು ಉಳಿಸಿಕೊಂಡರೆ ಮಹಾಲಾಭ.

ವ್ಯಾಯಾಮವೊಂದರಿಂದಲೇ ಭಾರವನ್ನು ಇಳಿಸುತ್ತೇವೆಂದು ಹೊರಡುವವರು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತನ ವೃತ್ತಾಂತವನ್ನು ತಿಳಿಯಬೇಕು. ಈತನು ಶವಸಂಸ್ಕಾರದ ಏರ್ಪಾಡುಗಳನ್ನು ಮಾಡಿಕೊಡುವ ವೃತ್ತಿಯವನು. ಅರವತ್ತೈದು ದಾಟಿದ ವಯಸ್ಸಿನಲ್ಲಿ ಐದಡಿ ಐದಂಗುಲದ ಎತ್ತರಕ್ಕೆ ಸುಮಾರು ೯೨ ಕಿಲೋ ತೂಗುತ್ತಿದ್ದನು. ಬಗ್ಗಿ ಬೂಟಿನ ದಾರವನ್ನು ಕಟ್ಟಲಾರನು. ಮಂಡಿಯ ನೋವಿಗೆ ಅಂಜಿ ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುವನು. ಹಿಂದೊಮ್ಮೆ ವೈದ್ಯರ ಮಾತಿನಂತೆ ನಿತ್ಯವೂ ಮುಂಜಾನೆ ದೋಣಿಗೆ ಹುಟ್ಟು ಹಾಕಿದ್ದನು. ತೋಳಿಗೆ ಶಕ್ತಿ ಬಂತು, ಅದರೊಡನೆ ಹಸಿವೂ ಬಂತು, ತೂಕ ಇಳಿಯಲಿಲ್ಲ. ಕಡೆಗೆ ೧೮೬೨ರಲ್ಲಿ ಹಾರ್ವೆ ಎಂಬ ವೈದ್ಯನು ರೊಟ್ಟಿ, ಸಕ್ಕರೆ, ಆಲೂಗಡ್ಡೆ, ಬಿಯರು ಮುಂತಾದುವನ್ನು ಬಿಡಿಸಿದ ಮೇಲೆ ಸುಮಾರು ಒಂದು ವರ್ಷದಲ್ಲಿ ೨೧ ಕಿಲೋ ಇಳಿದನು. ೧೮೬೩ರಲ್ಲಿ ಇದನ್ನು ಪುಸ್ತಿಕೆಯಾಗಿ ಬರೆದನು. ಎಂಬತ್ತು ದಾಟಿ ೧೮೭೮ರವರೆಗೆ ಬಾಳಿದನು. ಅರ್ಧ ಗಂಟೆ ನಡೆದು ಕಳೆದ ಶಕ್ತಿಯನ್ನು ತುಪ್ಪ ಸುರಿದ ಒಂದು ಮೈಸೂರುಪಾಕು ಎರಡು ನಿಮಿಷದಲ್ಲಿ ಹಿಂದಿರುಗಿಸುತ್ತದೆ ಎಂಬುದನ್ನು ಮರೆಯಬಾರದು.

ಹಾಗೆಂದು ವ್ಯಾಯಾಮ ವ್ಯರ್ಥವಲ್ಲ. ಇಳಿದ ಭಾರವನ್ನು ಏರಗೊಡದಂತೆ ಕಾಯುವುದು ಅದೇ. ಊಟ ಕಡಿಮೆಯಾದಾಗ ಕೊಬ್ಬಿನೊಡನೆ ಮಾಂಸವೂ ಕರಗದಂತೆ ತಡೆಯುವುದು ಅದೇ. ವಾರಕ್ಕೆ ೧೫೦ ನಿಮಿಷವಾದರೂ ಉಸಿರು ಸ್ವಲ್ಪ ಹೆಚ್ಚುವಂತೆ ನಡೆಯಬೇಕೆಂದೂ, ವಾರಕ್ಕೆ ಎರಡು ದಿನವಾದರೂ ಮಾಂಸಖಂಡಗಳಿಗೆ ಶಕ್ತಿ ಕೊಡುವ ಸಾಧನೆಯನ್ನು ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದೆ. ಎರಡನೆಯದಕ್ಕೆ ಯಂತ್ರಗಳು ಬೇಕೆಂದಿಲ್ಲ. ನಮ್ಮ ಗರಡಿಮನೆಗಳ ದಂಡಬಸ್ಕಿಗಳೂ ಸೂರ್ಯನಮಸ್ಕಾರವೂ ಇವೆಯಷ್ಟೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನೂ ಬರೆದ ಕೆ. ವಿ. ಅಯ್ಯರ್ ಅವರನ್ನು ನೆನೆದರೆ, ಅಂಗಸಾಧನೆ ಓದುಬರಹದವರಿಗೆ ಸಲ್ಲದೆಂಬ ನೆಪ ನಿಲ್ಲುವುದಿಲ್ಲ. ಅತಿ ಮಾತ್ರ ಬೇಡ. ನಮ್ಮ ಪ್ರಾಚೀನ ವೈದ್ಯರು ಅರ್ಧಶಕ್ತಿಯಿಂದ ವ್ಯಾಯಾಮ ಮಾಡಬೇಕೆಂದಿದ್ದಾರೆ. ಹಣೆಯಲ್ಲಿ ಬೆವರು ಮೂಡಿ ಬಾಯಿಯಿಂದ ಉಸಿರಾಡುವಂತಾದರೆ ಅಂದಿಗೆ ಸಾಕು. ಮೊದಲ ದಿನವೇ ನೂರು ಬಸ್ಕಿ ಹೊಡೆದವನು ಎರಡನೆಯ ದಿನ ಮೆಟ್ಟಿಲನ್ನೂ ಇಳಿಯಲಾರನು, ಮೂರನೆಯ ದಿನ ಕಾಣಿಸಿಕೊಳ್ಳಲಾರನು. ಇವನನ್ನೇ ಆರಂಭಶೂರನೆಂದು ಕರೆಯುವುದು.

ಮೂರನೆಯ ನಿಯಮ, ವ್ರತಭಂಗವಾದರೆ ಮಾಡತಕ್ಕದ್ದು. ಒಂದು ದಿನ ತಪ್ಪಿದರೆ ಎಲ್ಲವೂ ಹೋಯಿತೆಂದು ಕೈಬಿಡುವುದೇ ದೊಡ್ಡ ತಪ್ಪು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಶೋಧಕರು ೯೬ ಮಂದಿಯನ್ನು ಗಮನಿಸಿ ೨೦೧೦ರಲ್ಲಿ ಪ್ರಕಟಿಸಿದ ಪ್ರಕಾರ, ಹೊಸ ಅಭ್ಯಾಸವೊಂದು ತನಗೆ ತಾನೇ ನಡೆಯುವಂತಾಗಲು ಸಾಮಾನ್ಯವಾಗಿ ೬೬ ದಿನ ಬೇಕಾಯಿತು. ಕೆಲವರಿಗೆ ೧೮ ದಿನವೇ ಸಾಕಾದರೆ, ಮತ್ತೆ ಕೆಲವರಿಗೆ ೨೫೪ ದಿನವೂ ಬೇಕೆಂದು ಲೆಕ್ಕ ತೋರಿಸಿತು. ನಡುವೆ ಒಂದು ದಿನ ತಪ್ಪಿದುದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ. ಆದುದರಿಂದ ಮದುವೆಮನೆಯಲ್ಲಿ ಎರಡು ಹೋಳಿಗೆ ಉಂಡದ್ದಕ್ಕೆ ಮರುದಿನದ ಉಪವಾಸ ಪ್ರಾಯಶ್ಚಿತ್ತವಲ್ಲ. ಮರುದಿನದ ೬ ಗಂಟೆಯ ನಡಿಗೆಯೇ ಪ್ರಾಯಶ್ಚಿತ್ತ. ಮೂರು ನಾಲ್ಕು ತಿಂಗಳಾದ ಮೇಲೆ ತೂಕ ಇಳಿಯದೆ ನಿಲ್ಲುವುದೂ ಸಹಜ. ಹಗುರಾದ ಮೈಗೆ ಬೇಕಾದ ಶಕ್ತಿಯೂ ಕಡಿಮೆ. ಜೊತೆಗೆ ದೇಹವು ಕಳೆದುದನ್ನು ಮರಳಿ ಕೂಡಿಸಲು ಹಸಿವನ್ನು ಹೆಚ್ಚಿಸುತ್ತದೆ. ಆಗ ನಿರಾಶೆಗೊಳ್ಳದೆ, ಮುಂದಿನ ಪಾದವನ್ನು ಇಳಿಸಬೇಕು. ತೂಕವನ್ನು ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿನಲ್ಲಿ ನೋಡಿ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟರೆ ಸಾಕು.

ಕೊನೆಯದಾಗಿ ಮನೆಯ ಮಾತು. ಗೃಹಸ್ಥನ ಸಂಕಲ್ಪ ಒಬ್ಬನದಲ್ಲ. ಅಡಿಗೆಮನೆ ಒಪ್ಪದೆ ಅದು ನೆರವೇರದು. ಒಬ್ಬರಿಗೆ ಪಥ್ಯ, ಉಳಿದವರಿಗೆ ಬೋಂಡ ಎಂಬ ಏರ್ಪಾಡು ಕ್ರೂರವಾದುದು. ಧಾನ್ಯಗಳಿಂದ ಬರುವ ಶಕ್ತಿ ದಿನದ ಒಟ್ಟಿನಲ್ಲಿ ಶೇಕಡಾ ೪೫ನ್ನು ಮೀರಬಾರದೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ೨೦೨೪ರಲ್ಲಿ ಸೂಚಿಸಿದೆ; ಇದು ಮನೆಮಂದಿಗೆಲ್ಲ ಹಿತವೇ. ಅನ್ನವನ್ನು ಪಲ್ಯದಷ್ಟೂ, ಪಲ್ಯವನ್ನು ಅನ್ನದಷ್ಟೂ ಬಡಿಸುವುದು ಇದಕ್ಕೆ ಸುಲಭೋಪಾಯ. ಸ್ಥೂಲರಿಗೆ ಚರಕನು ಹೇಳಿದ ಹೆಸರು, ಹುರುಳಿ, ತೊಗರಿ, ಸಾಮೆ, ಹಾರಕಗಳು ಇಂದಿಗೂ ನಮ್ಮ ಅಂಗಡಿಗಳಲ್ಲಿ ಸಿಕ್ಕುತ್ತವೆ. ಆದರೆ ಸಿರಿಧಾನ್ಯವೆಂದು ಮಿತಿಯಿಲ್ಲದೆ ಉಂಡರೆ ಅದೂ ಮೇದಸ್ಸೇ. ತಿಂಗಳಿಗೆ ಇಷ್ಟು ಮಂದಿಗೆ ಇಷ್ಟು ಎಣ್ಣೆಯೆಂದು ಅಳೆದಿಟ್ಟರೆ ಹೆಚ್ಚು ಉಪದೇಶ ಬೇಕಾಗುವುದಿಲ್ಲ. “ಇನ್ನೊಂದು ಸ್ವಲ್ಪ, ನನ್ನ ಮೇಲಾಣೆ” ಎಂಬ ಉಪಚಾರವನ್ನು ಹಬ್ಬಕ್ಕೆ ಮೀಸಲಿಡೋಣ. ಪ್ರೀತಿಯನ್ನು ಸೌಟಿನಿಂದಲೇ ಅಳೆಯಬೇಕೆಂದಿಲ್ಲ.

ಮನೆಯ ಗಂಡಸರಿಗೆ ಇಲ್ಲಿ ಒಂದು ಕರ್ತವ್ಯವೂ ಉಂಟು. ಬೆಳಗ್ಗೆ ೬ ಗಂಟೆಗೆ ಯಜಮಾನನು ನಡೆಯಲು ಹೊರಟರೆ, ಯಜಮಾನಿತಿ ಒಲೆಯ ಮುಂದೆ ನಿಲ್ಲುತ್ತಾಳೆ. ಹೆರಿಗೆಗಳಾದ ಮೇಲೆ ಮೈ ಭಾರವಾದವಳು, ಮಂಡಿನೋವಿನವಳು ಅವಳೇ ಅಲ್ಲವೆ? ಮನೆಗೆಲಸವೇ ಅವಳಿಗೆ ವ್ಯಾಯಾಮವೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಅವಳಿಗೂ ಅರ್ಧ ಗಂಟೆಯ ಬಿಡುವು ದೊರೆಯುವಂತೆ ಒಂದು ಹೊತ್ತಿನ ಕೆಲಸವನ್ನು ವಹಿಸಿಕೊಂಡರೆ ಸಂಕಲ್ಪ ಎರಡರಷ್ಟು ಗಟ್ಟಿಯಾಗುತ್ತದೆ. ದಂಪತಿಗಳು ನಡೆಯುವ ಮನೆಯ ಮಕ್ಕಳಿಗೆ ವ್ಯಾಯಾಮದ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ಎಚ್ಚರಿಕೆಗಳು ಕೆಲವು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಊಟವನ್ನು ಬದಲಿಸಬಾರದು. ಬೆಳೆಯುವ ಮಕ್ಕಳನ್ನು ಉಪವಾಸ ಕೆಡವಬಾರದು. ಥೈರಾಯಿಡ್ ಗ್ರಂಥಿಯ ದೋಷದಿಂದಲೂ ಕೆಲವು ಔಷಧಿಗಳಿಂದಲೂ ತೂಕ ಏರುವುದುಂಟು. ಪ್ರಯತ್ನವಿಲ್ಲದೆ ತೂಕ ಇಳಿದರೆ ಅದು ಸಂತೋಷಪಡುವ ವಿಷಯವಲ್ಲ, ಪರೀಕ್ಷೆ ಮಾಡಿಸತಕ್ಕ ವಿಷಯ. ಈಚೆಗೆ ಬಂದಿರುವ ಹಸಿವನ್ನು ಅಡಗಿಸುವ ಚುಚ್ಚುಮದ್ದುಗಳು ಕೆಲವರಿಗೆ ನಿಜವಾಗಿ ಉಪಕಾರಿಗಳು. ಅವುಗಳನ್ನು ವೈದ್ಯರು ಕೊಡಬೇಕು, ಅಂಗಡಿಯವರಲ್ಲ. ಬಿಟ್ಟ ಮೇಲೆ ತೂಕ ಬಹುಮಟ್ಟಿಗೆ ಮರಳುವುದರಿಂದ, ಅಭ್ಯಾಸದ ಕೆಲಸ ಆಗಲೂ ತಪ್ಪದು.

ಇಂದು ರಾತ್ರಿ ಊಟವಾದ ಮೇಲೆ ವಾಚಕರು ಒಂದು ಚೀಟಿಯನ್ನು ತೆಗೆದುಕೊಂಡು ಮೂರು ಸಾಲುಗಳನ್ನು ಬರೆಯಲಿ: ಬಿಡತಕ್ಕದ್ದರ ಒಂದು ಪಾದ, ಹಿಡಿಯತಕ್ಕದ್ದರ ಒಂದು ಪಾದ, ಅದರ ದೇಶಕಾಲ. ಮನೆಯವರೆಲ್ಲ ಕಾಣುವಂತೆ ಅದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಲಿ. ಹದಿನೈದು ದಿನಗಳ ಮೇಲೆ ಎರಡನೆಯ ಚೀಟಿಯನ್ನು ಬರೆಯುವ ಯೋಗ ಅವರಿಗೆ ಒದಗಲೆಂದು ಹಾರೈಸುತ್ತೇವೆ.